ನಾ ಇರೂತನಕ

ಅಫಜಲಪುರ ಬಸ್ ಸ್ಟ್ಯಾಂಡಿನ ಹೊರಗೆ, ಬೇವಿನ ಮರದ ಕೆಳಗೆ ಕೂತು ಕಾಕಾ ಚಪ್ಪಲಿ ಹೊಲಿಯುತ್ತಿದ್ದರು. ಹೊಲಿದ ಪಟ್ಟಿಯನ್ನು ಎರಡೂ ಕೈಯಿಂದ ಜಗ್ಗಿ ನೋಡದೆ ಯಾರಿಗೂ ಕೊಟ್ಟವರಲ್ಲ.

"ಎಷ್ಟು ದಿನ ಗ್ಯಾರಂಟಿ?" ಎಂದು ಮೊದಲ ದಿನವೇ ಕೇಳಿದ್ದೆ. ಎದುರಿನ ಅಂಗಡಿಗಳಲ್ಲಿ ಆ ಪದಕ್ಕೆ ಮೂರು ತಿಂಗಳು, ಆರು ತಿಂಗಳು ಎಂಬ ಅರ್ಥವಿತ್ತು. ಅವರು ತಲೆಯೆತ್ತದೆ, "ನಾ ಇರೂತನಕರಿ" ಎಂದರು. ಯಾರು ಕೇಳಿದರೂ ಅದೇ ಉತ್ತರ. ಅದೊಂದು ಮಾತಿನ ರೂಢಿ ಎಂದುಕೊಂಡಿದ್ದೆ.

ಹೋದ ವರ್ಷ ಒಂದು ಬೆಳಿಗ್ಗೆ, ಶಾಲೆಗೆ ಹೊತ್ತಾಯಿತೆಂದು ಘತ್ತರಗಿ ಬಸ್ಸಿಗೆ ಓಡುತ್ತಿದ್ದವನನ್ನು ಕರೆದರು.

"ಸರ್ರ, ಚಪ್ಪಲಿ ಬಿಚ್ರಿ."

"ಹರಿದಿಲ್ಲಲ್ರಿ ಕಾಕಾ."

"ಗೊತ್ತದ. ಬಿಚ್ರಿ."

ಅವರ ಕೈ ಬಹಳ ಬಡವಾಗಿತ್ತು. ಗಟ್ಟಿಯಾಗಿಯೇ ಇದ್ದ ಹಳೆಯ ಹೊಲಿಗೆಯ ಪಕ್ಕ ಇನ್ನೊಂದು ಸಾಲು ಹೊಲಿಯತೊಡಗಿದರು. ಬದಿಗೆ ಬೇರೆಯವರ ಏಳೆಂಟು ಜೊತೆ ಚಪ್ಪಲಿಗಳಿದ್ದವು. ಅವುಗಳಲ್ಲಿ ಒಂದೂ ಹರಿದಿರಲಿಲ್ಲ. ಇದೆಲ್ಲ ಏಕೆಂದು ಕೇಳಿದೆ.

"ಡಾಕ್ಟರ್ ಎರಡ್ ತಿಂಗಳಂದಾರ್ರಿ" ಎಂದು ದಾರವನ್ನು ಹಲ್ಲಿನಿಂದ ಕಡಿದರು. "ಗ್ಯಾರಂಟಿ ಮುಗಿಯಾಕತ್ತದ. ಆಮ್ಯಾಲ ನೀವು ಯಾರಿಗಿ ಕೇಳ್ತೀರಿ?"

ಬಸ್ಸು ಹೊರಟುಹೋಯಿತು. ನಾನು ಬರಿಗಾಲಲ್ಲಿ ನಿಂತಿದ್ದೆ. ಅವರು ಎಂದಿನಂತೆ ಪಟ್ಟಿಯನ್ನು ಜಗ್ಗಿ ನೋಡಿ, ಚಪ್ಪಲಿಯನ್ನು ನನ್ನ ಕಾಲ ಬಳಿ ಇಟ್ಟರು.

ಈಗ ಆ ಬೇವಿನ ಕೆಳಗೆ ಯಾರೂ ಕೂರುವುದಿಲ್ಲ. ನನ್ನ ಚಪ್ಪಲಿಯ ಅಟ್ಟೆ ಸವೆದು, ಕಾಲಿಗೆ ನೆಲದ ಬಿಸಿ ತಾಗುತ್ತದೆ. ಹೊಲಿಗೆ ಮಾತ್ರ ಇನ್ನೂ ಬಿಟ್ಟಿಲ್ಲ.