ಚೀಟಿ ಬಿಚ್ಚದೆ ತಂದ ಲ್ಯಾಪ್‌ಟಾಪ್

ನನ್ನ ತಂಗಿಯ ಓದು ಮುಂದುವರಿಯದೆ ನಿಂತದ್ದು ಅವಳ ತಲೆಗೆ ಹತ್ತಲಿಲ್ಲ ಎಂಬ ಕಾರಣಕ್ಕಲ್ಲ. ಇದನ್ನು ಹೇಳಬೇಕಾದವನು ನಾನೊಬ್ಬನೇ, ಏಕೆಂದರೆ ನಿಜ ಗೊತ್ತಿರುವವನೂ ನಾನೊಬ್ಬನೇ. ಹೇಳದೆ ಬಹಳ ವರ್ಷ ಕಳೆದಿದ್ದೇನೆ.

ನಮ್ಮೂರು ಗಂಡಸಿ ಕಡೆ. ಏಳನೇ ಕ್ಲಾಸು ಮುಗಿಸಿ ಸ್ಕೂಲು ಬಿಟ್ಟವನು ನಾನು. ಆಮೇಲೆ ಕೊಬ್ಬರಿ ವ್ಯಾಪಾರಕ್ಕೆ ಇಳಿದೆ. ನಮ್ಮ ಕಡೆ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಒಣಗಲು ಬಿಡುತ್ತಾರೆ. ನಾನು ಮೊಪೆಡ್ ಮೇಲೆ ಊರೂರು ಸುತ್ತಿ, ಅಟ್ಟ ಹತ್ತಿ, ಒಂದೊಂದು ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಅಂಗೈಯಲ್ಲಿ ತೂಗಿ, ಒಳಗಿನ ಕೊಬ್ಬರಿ ಹೇಗಿದೆ ಎಂದು ಒಡೆಯದೆಯೇ ಹೇಳುತ್ತಿದ್ದೆ. ಹೇಳಿದ್ದು ತಪ್ಪುತ್ತಿದ್ದುದು ಕಡಿಮೆ. ಅದರಿಂದ ನನಗೆ ಸ್ವಲ್ಪ ಜಂಬವೂ ಇತ್ತು. ಆದರೆ ಮಾರ್ಕೆಟ್ಟಿನಲ್ಲಿ ಯಾರಾದರೂ ಎಷ್ಟು ಓದಿದ್ದೀಯ ಎಂದರೆ ಎಸ್ಸೆಸ್ಸೆಲ್ಸಿ ಫೇಲು ಎನ್ನುತ್ತಿದ್ದೆ. ಪಾಸಾದ ಏಳನೇ ಕ್ಲಾಸಿಗಿಂತ ಫೇಲಾದ ಎಸ್ಸೆಸ್ಸೆಲ್ಸಿಗೆ ಮರ್ಯಾದೆ ಹೆಚ್ಚು. ಕನ್ನಡ ಓದುತ್ತಿದ್ದೆ, ಬರೆಯುತ್ತಿದ್ದೆ. ಇಂಗ್ಲಿಷು ಮಾತ್ರ ಒಂದೊಂದೇ ಅಕ್ಷರ ಕೂಡಿಸಿಕೊಂಡು, ಎದುರಿಗೆ ಯಾರೂ ಇಲ್ಲದಾಗ.

ತಂಗಿ ನನಗಿಂತ ಎಂಟು ವರ್ಷ ಚಿಕ್ಕವಳು. ಅರಸೀಕೆರೆಯ ಕಾಲೇಜಿನಲ್ಲಿ ಕಂಪ್ಯೂಟರ್ ಡಿಗ್ರಿ ಓದುತ್ತಿದ್ದಳು. ಕೊನೆಯ ವರ್ಷ ಪ್ರತಿಯೊಬ್ಬರೂ ತಾವೇ ಒಂದು ಪ್ರೋಗ್ರಾಂ ಮಾಡಿ ಒಪ್ಪಿಸಬೇಕಿತ್ತು. ಅದರಲ್ಲಿ ಒಳ್ಳೆಯ ಮಾರ್ಕ್ಸ್ ಬಂದರೆ ಮುಂದೆ ಓದಲು ಸೀಟಿಗೆ ಪ್ರಯತ್ನ ಮಾಡಬಹುದು ಎಂದು ಮೇಷ್ಟ್ರು ಹೇಳಿದ್ದರಂತೆ. ಕಾಲೇಜಿನಲ್ಲಿ ಕಂಪ್ಯೂಟರುಗಳು ಕಡಿಮೆ, ಕಾಯುವವರು ಜಾಸ್ತಿ, ನಾಲ್ಕು ಗಂಟೆಗೆ ಬಾಗಿಲು ಹಾಕುತ್ತಿದ್ದರು. ಮನೆಯಲ್ಲೇ ಕೆಲಸ ಮಾಡಲು ಲ್ಯಾಪ್‌ಟಾಪ್ ಬೇಕೇ ಬೇಕು ಎಂದಳು. ಆಗಿನ್ನೂ ನಮ್ಮೂರಿನಲ್ಲಿ ಅದನ್ನು ಕಂಡವರಿರಲಿಲ್ಲ.

"ಅದೇನೇ, ಟೀವಿನಾ?" ಎಂದಳು ಅವ್ವ.

"ಅಲ್ಲ ಕಣವ್ವ. ಮಡಚೋ ಕಂಪ್ಯೂಟ್ರು."

"ಮಡಚ್ಕೊಂಡು ಎಲ್ಲಿಗ್ ಹೋಯ್ತೀಯಾ?"

"ಕರೆಂಟಿಲ್ಲದಿದ್ರೂ ನಡೀತೈತೆ. ಅದುಕ್ಕೇ ಬೇಕು ಅಂತಿರೋದು."

ನಮ್ಮೂರಿನಲ್ಲಿ ಸಂಜೆ ಆರಕ್ಕೆ ಹೋದ ಕರೆಂಟು ಊಟದ ಹೊತ್ತು ಮೀರಿದ ಮೇಲೆ ಬಂದರೆ ಬಂತು. ಬಂದರೂ ಬಲ್ಬು ಕೆಂಪಗೆ ಕಾಣುವಷ್ಟೇ. ನಮ್ಮ ಅಟ್ಟದ ಕಾಯಿ ಮಾರಿದ ದುಡ್ಡಿನಲ್ಲಿ ಕೊಡಿಸುತ್ತೇನೆ ಎಂದು ಒಪ್ಪಿಕೊಂಡೆ.

ಕೊಳ್ಳುವ ದಿನ ಅರಸೀಕೆರೆ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿದ್ದ ಅಂಗಡಿಗೆ ಹೋದೆವು. ಅಂಗಡಿ ಮಹಡಿಯ ಮೇಲಿತ್ತು. ಮೆಟ್ಟಿಲ ಹತ್ತಿರ ನಾನು ಅವಳನ್ನು ನಿಲ್ಲಿಸಿದೆ.

"ನೀನು ಮ್ಯಾಕ್ ಬರಬ್ಯಾಡ."

"ಯಾಕೋ ಅಣ್ಣ? ನಾನೂ ಬತ್ತೀನಿ."

"ನಿನ್ ಮುಖ ನೋಡು, ಆಗ್ಲೇ ಕೊಂಡಂಗೆ ಅರಳ್ಕೊಂಡೈತೆ. ಅವ್ನು ಒಂದ್ ರೂಪಾಯ್ ಬಿಡಲ್ಲ."

"ಎತ್ತು ತರಾಕ್ ಹೋಯ್ತಿದೀಯೇನೋ!"

"ಎತ್ತಾದ್ರೇನು, ಇದಾದ್ರೇನು? ವ್ಯಾಪಾರ ವ್ಯಾಪಾರನೇ. ಕಬ್ಬಿನ ಹಾಲು ಕುಡೀತಾ ಇಲ್ಲೇ ಕೂತಿರು."

ಇದು ನಮ್ಮಲ್ಲಿ ಇರುವ ಪದ್ಧತಿಯೇ. ಎತ್ತು ಇಷ್ಟಪಟ್ಟವನು ಮಾತಿಗೆ ನಿಲ್ಲುವುದಿಲ್ಲ, ದೂರದಲ್ಲಿ ಬೀಡಿ ಸೇದುತ್ತಾ ನಿಂತು ಬೇರೆಯವರನ್ನು ಕಳಿಸುತ್ತಾನೆ. ಆಸೆ ಕಣ್ಣಿನಲ್ಲಿ ಕಂಡರೆ ಬೆಲೆ ಇಳಿಯುವುದಿಲ್ಲ. ತಂಗಿಯೂ ಇದನ್ನು ಕಂಡೇ ಬೆಳೆದವಳು, ಹೆಚ್ಚು ಹಟ ಮಾಡಲಿಲ್ಲ. ನಾಲ್ಕು ಮಡಿಕೆಯ ಒಂದು ಚೀಟಿ ತೆಗೆದು ಕೊಟ್ಟಳು. "ಎಂಥದ್ ಬೇಕು ಅಂತ ಎಲ್ಲ ಬರ್ದಿದೀನಿ. ಅವ್ರ ಮುಂದೆ ಓದಣ್ಣ."

ನಾನು ಅದನ್ನು ಜೇಬಿಗೆ ಹಾಕಿಕೊಂಡೆ. ಹಿಂದಿನ ವಾರವೆಲ್ಲ ಅವಳು ಇಂಗ್ಲಿಷ್ ಪೇಪರಿನ ಜಾಹೀರಾತು ಕತ್ತರಿಸಿಟ್ಟುಕೊಂಡು ಏನೇನೋ ಬರೆಯುತ್ತಿದ್ದುದನ್ನು ನೋಡಿದ್ದೆ. ಚೀಟಿ ಇಂಗ್ಲಿಷಿನಲ್ಲೇ ಇರುತ್ತದೆ ಎಂದುಕೊಂಡೆ. ಈಗ ನಿಜ ಹೇಳುವುದಾದರೆ, ಅವಳನ್ನು ಕೆಳಗೆ ಕೂರಿಸಿದ್ದು ಪದ್ಧತಿಗಾಗಿ ಅಷ್ಟೇ ಅಲ್ಲ. ಅಂಗಡಿಯವನು ಏನಾದರೂ ಕೇಳಿ, ನಾನು ತಬ್ಬಿಬ್ಬಾಗುವುದನ್ನು ಅವಳು ನೋಡಬಾರದು ಎಂದಿತ್ತು.

ಅಂಗಡಿಯವರು ಕನ್ನಡಕದ ಸಾಧು ಮನುಷ್ಯ. ನನ್ನ ದುಡ್ಡಿಗೆ ಹೊಂದುವಂಥ ಎರಡನ್ನು ಮೇಜಿನ ಮೇಲಿಟ್ಟರು. ಒಂದು ಚಿಕ್ಕದು.

"ಇದು ಹೊಸ ಮಾಡೆಲ್ಲು ಸಾರ್. ಓದೋ ಮಕ್ಕಳಿಗೆ ಇದೇ ಸಾಕು. ಬ್ಯಾಟ್ರಿ ಐದ್ ಗಂಟೆ ಬರುತ್ತೆ."

ಎತ್ತಿ ನೋಡಿದೆ. ಹಗುರ. ನನ್ನ ಕೈಗೆ ಅದು ಜೊಳ್ಳು ಕಾಯಿಯ ಹಾಗೆ ಅನ್ನಿಸಿತು. "ಇದೇನ್ರೀ, ಒಂದನೇ ಕ್ಲಾಸಿನ್ ಸ್ಲೇಟ್ ಇದ್ದಂಗೈತೆ?" ಎಂದೆ. ಅವರು ನಕ್ಕು ಎರಡನೆಯದನ್ನು ಮುಂದೆ ತಳ್ಳಿದರು. ದೊಡ್ಡದು, ಕಪ್ಪಗೆ ಮಿರುಗುತ್ತಿತ್ತು, ಎತ್ತಲು ಎರಡು ಕೈ ಬೇಕು. ಭಾರ ಅಂದರೆ ಒಳಗೆ ಸರಕಿದೆ ಎಂದೇ ನನ್ನ ಕೈ ಕಲಿತಿದ್ದದ್ದು.

"ಇದು ಯಾವ್ದೋ ಆಫೀಸಲ್ಲಿ ಬಳಸಿದ್ದು ಸಾರ್, ಸೆಕೆಂಡ್ ಹ್ಯಾಂಡು. ಮಾಲು ಗಟ್ಟಿ. ಆದ್ರೆ ಬ್ಯಾಟ್ರಿ ವೀಕು, ಸುಳ್ಳು ಹೇಳಲ್ಲ. ವೈರ್ ಹಾಕ್ಕೊಂಡೇ ಕೆಲ್ಸ ಮಾಡ್ಬೇಕು. ನಿಮ್ಮೂರಲ್ಲಿ ಕರೆಂಟ್ ಹೆಂಗೆ?"

ಪಕ್ಕದಲ್ಲಿ ಇಸ್ತ್ರಿ ಷರಟಿನ ಇಬ್ಬರು ಗಿರಾಕಿಗಳು ನಿಂತಿದ್ದರು. ಕರೆಂಟಿಲ್ಲದ ಊರಿನಿಂದ ಕಂಪ್ಯೂಟರು ಕೊಳ್ಳಲು ಬಂದವನು ಎಂದು ಅವರ ಮುಂದೆ ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ.

"ನಮ್ಮೂರಲ್ಲಾ? ಫಸ್ಟ್ ಕ್ಲಾಸಾಗೈತೆ. ಹೋಗೋದೇ ಇಲ್ಲ."

"ಪುಣ್ಯವಂತ್ರು ಬಿಡಿ. ಟೌನಲ್ಲಿರೋ ನಮ್ಗೇ ದಿನಕ್ಕೆ ನಾಕ್ ಸಲ ಹೋಗುತ್ತೆ," ಎಂದರು ಅವರು. "ಬಳಸೋರು ಯಾರು ಸಾರ್? ಅವ್ರನ್ನೇ ಒಂದ್ಸಲ ಕರ್ಕೊಂಡ್ ಬನ್ನಿ, ನೋಡ್ಲಿ."

"ನಮ್ ತಂಗಿ. ಎಲ್ಲ ನಂಗೆ ಹೇಳವ್ಳೆ," ಎಂದೆ. ಹಾಗೆನ್ನುವಾಗ ನನ್ನ ಕೈ ಚೀಟಿಯಿದ್ದ ಜೇಬಿನ ಮೇಲೇ ಇತ್ತು. ಹೊರಗೆ ತೆಗೆಯಲಿಲ್ಲ.

ಚೌಕಾಸಿ ಮಾಡಿ, ಒಂದು ಬ್ಯಾಗನ್ನೂ ಮೌಸನ್ನೂ ಮೇಲೆ ಕೇಳಿ ಪಡೆದು ಗೆದ್ದವನ ಹಾಗೆ ಇಳಿದು ಬಂದೆ. ಹೊರಡುವಾಗ ಅಂಗಡಿಯವರು, "ಏನಾದ್ರೂ ಸರಿ ಹೋಗ್ಲಿಲ್ಲ ಅಂದ್ರೆ ಏಳು ದಿನದೊಳಗೆ ತನ್ನಿ, ಬದ್ಲಾಯಿಸ್ಕೊಡ್ತೀನಿ," ಎಂದರು. ಕೆಳಗೆ ತಂಗಿ ಬ್ಯಾಗು ಎತ್ತಿ ನೋಡಿದಳು.

"ಇದ್ಯಾಕಣ್ಣ ಇಷ್ಟು ಭಾರ?"

"ಗಟ್ಟಿ ಮಾಲು ಕಣೇ. ತೂಕ ಇಲ್ದಿರೋದು ಜೊಳ್ಳು."

ಮನೆಗೆ ಬಂದು ಅವ್ವನ ಕೈಯಲ್ಲಿ ಅರಿಶಿನ ಕುಂಕುಮ ಇಡಿಸಿ ಅದನ್ನು ತೆರೆದಳು. ಆರು ಗಂಟೆಗೆ ಕರೆಂಟು ಹೋಯಿತು. ಎಮ್ಮೆ ಹಾಲು ಕರೆದು ಅವ್ವ ಒಳಗೆ ಬರುವಷ್ಟರಲ್ಲಿ ಲ್ಯಾಪ್‌ಟಾಪೂ ಆರಿತು. ಚಾರ್ಜ್ ಸಾಲದು ಎಂದು ಮಾರನೆಯ ದಿನ ಅವ್ವನಿಗೆ ಹೇಳಿ ಹಗಲೆಲ್ಲ ವೈರು ಹಾಕಿಸಿಟ್ಟಳು. ಆ ಸಂಜೆಯೂ ಹಾಗೇ ಆಯಿತು. ಮೂರನೆಯ ಸಂಜೆ ಲಾಂದ್ರ ಹಚ್ಚುತ್ತಾ ಕೇಳಿದಳು.

"ಅಣ್ಣ, ಬ್ಯಾಟ್ರಿ ವಿಷ್ಯ ಕೇಳಿದ್ಯಾ ಅವ್ರನ್ನ? ಚೀಟೀಲಿ ಮೊದ್ಲು ಅದೇ ಇತ್ತಲ್ಲ."

"ಕೇಳ್ದೆ. ಚೀಟೀಲಿರೋದೆಲ್ಲ ಓದ್ದೆ. ನಮ್ ದುಡ್ಡಿಗೆ ಅವೆಲ್ಲ ಬರಲ್ಲ ಅಂದ್ರು."

"ಹೌದಾ," ಎಂದಳು, ಅಷ್ಟೇ. ಮತ್ತೆ ಆ ಮಾತೆತ್ತಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಷರಟು ಒಗೆಯಲು ಹಾಕುವ ಮುಂಚೆ ಜೇಬು ನೋಡಿಕೊಂಡೆ. ಚೀಟಿ ಸಿಕ್ಕಿತು. ಬಚ್ಚಲಿನ ಹತ್ತಿರ ಒಬ್ಬನೇ ನಿಂತು ಬಿಚ್ಚಿದೆ. ಕನ್ನಡದಲ್ಲಿತ್ತು. ಮಕ್ಕಳಿಗೆ ಬರೆದುಕೊಡುವ ಹಾಗೆ ದಪ್ಪ ದಪ್ಪ ಅಕ್ಷರ. ಬ್ಯಾಟರಿ ನಾಲ್ಕು ಗಂಟೆಯಾದರೂ ಬರಬೇಕು, ಊರಿನಲ್ಲಿ ಸಂಜೆ ಕರೆಂಟಿರುವುದಿಲ್ಲ ಎಂದು ಹೇಳು. ಚಿಕ್ಕದಾದರೂ ಆಗುತ್ತದೆ. ಹಗುರವಾಗಿರಲಿ, ಬಸ್ಸಿನಲ್ಲಿ ತೆಗೆದುಕೊಂಡು ಹೋಗಬೇಕು. ಹಳೆಯದು ಬೇಡ. ಕೆಳಗೆ ಒಂದೆರಡು ಇಂಗ್ಲಿಷ್ ಪದ ಬರಬೇಕಾದ ಕಡೆ ಅವನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದಳು, ನಾನು ತಡವರಿಸದೆ ಹೇಳಲಿ ಎಂದು.

ಅಂಗಡಿಯವರು ಮೊದಲು ತೋರಿಸಿದ್ದು ಅದನ್ನೇ. ನನ್ನ ದುಡ್ಡಿಗೇ ಬರುತ್ತಿತ್ತು.

ಚೀಟಿಯನ್ನು ನೀರೊಲೆಗೆ ಹಾಕಿದೆ. ಇಷ್ಟರವರೆಗಿನದು ದಡ್ಡತನ ಎಂದು ಬೇಕಾದರೆ ಬಿಡಬಹುದು. ಮುಂದಿನದಕ್ಕೆ ಆ ಹೆಸರು ಹೊಂದುವುದಿಲ್ಲ. ಇನ್ನೂ ಮೂರು ದಿನ ಇತ್ತು. ಮಾರನೆಯ ದಿನ ಕೊಬ್ಬರಿ ಹರಾಜಿಗೆ ಅರಸೀಕೆರೆಗೆ ಹೋದವನು ಅಂಗಡಿಯ ಕೆಳಗೆ ಮೊಪೆಡ್ ನಿಲ್ಲಿಸಿ ಮೆಟ್ಟಿಲನ್ನೇ ನೋಡಿದೆ. ಬದಲಾಯಿಸಬೇಕಾದರೆ ಲ್ಯಾಪ್‌ಟಾಪ್ ತರಬೇಕು, ಅದನ್ನು ತಂದರೆ ಜೊತೆಗೆ ತಂಗಿಯೂ ಬರುತ್ತಾಳೆ. ಅವಳೆದುರು ಅಂಗಡಿಯವರು, ನಾನು ಕೇಳಿದೆನಲ್ಲ ಸಾರ್, ಕರೆಂಟ್ ಹೋಗೋದೇ ಇಲ್ಲ ಅಂದಿರಲ್ಲ ಎನ್ನುತ್ತಾರೆ. ಮೊಪೆಡ್ ತಿರುಗಿಸಿದೆ. ಆರನೆಯ ದಿನ ಹೋಗಲಿಲ್ಲ. ಏಳನೆಯ ದಿನ ಮಾಲೇಕಲ್ಲಿಗೆ ಹೋಗಿ ಬೆಟ್ಟ ಹತ್ತಿ ದೇವರಿಗೆ ಕೈಮುಗಿದು ಬಂದೆ. ಏನು ಬೇಡಿಕೊಂಡೆನೋ ನನಗೇ ಗೊತ್ತಿಲ್ಲ. ಎಂಟನೆಯ ದಿನ ಬೆಳಗಾದಾಗ ಎದೆ ಹಗುರಾಯಿತು. ಇನ್ನು ಹೋಗಿಯೂ ಉಪಯೋಗವಿಲ್ಲವಲ್ಲ ಎಂದು. ಆ ಸಮಾಧಾನ ನೆನೆದರೆ ಈಗಲೂ ತಲೆ ತಗ್ಗುತ್ತದೆ.

ಕರೆಂಟಿರುವಾಗ ಅವಳು ಕಾಲೇಜಿನಲ್ಲಿ, ಅವಳು ಮನೆಗೆ ಬರುವಾಗ ಕರೆಂಟಿಲ್ಲ. ಆ ಭಾರವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಕಾಲೇಜಿಗೆ ಹೊತ್ತಳು. ಊಟದ ಬಿಡುವಿನಲ್ಲಿ, ಪ್ಲಗ್ಗು ಖಾಲಿ ಸಿಕ್ಕಾಗ, ಅಷ್ಟಿಷ್ಟು ಮಾಡಿಕೊಂಡಳು. ಪ್ರೋಗ್ರಾಂ ಅರ್ಧ ಮುಗಿದಿರುವಾಗಲೇ ಒಪ್ಪಿಸುವ ದಿನ ಬಂತು. ಪಾಸೇನೋ ಆದಳು. ಮುಂದೆ ಸೀಟು ಕೇಳುವಂಥ ಮಾರ್ಕ್ಸ್ ಅದಾಗಿರಲಿಲ್ಲ.

"ಮತ್ತೊಂದ್ಸಲ ಬರ್ದ್ ನೋಡ್ತೀಯಾ?" ಎಂದು ನಾನೇ ಕೇಳಿದೆ.

"ಬ್ಯಾಡಣ್ಣ. ನನ್ ತಲೆ ಅಷ್ಟೇಯಾ. ಸುಮ್ನೆ ನಿಂಗೆ ಖರ್ಚು."

ಆಗಲೂ ನಾನು ಬಾಯಿ ಬಿಡಲಿಲ್ಲ.

ಹಳೇಬೀಡಿನ ಕಡೆ ಮದುವೆಯಾಯಿತು. ಈಗ ಅಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾಳೆ. ಸುತ್ತಲಿನ ಹಳ್ಳಿಯವರ ಅರ್ಜಿಗಳನ್ನು ಅವಳೇ ಟೈಪ್ ಮಾಡಿಕೊಡುತ್ತಾಳೆ. ಕಂಪ್ಯೂಟರು ಕೆಟ್ಟರೆ ಪಕ್ಕದ ಅಂಗಡಿಗಳವರೂ ಅವಳನ್ನೇ ಕರೆಯುತ್ತಾರೆ. ಹೋದ ತಿಂಗಳು ಹುಲಿಕೆರೆಯಲ್ಲಿ ಕಾಯಿ ನೋಡಿಕೊಂಡು ಅವಳ ಮನೆಗೆ ಹೋಗಿದ್ದೆ. ಅವಳ ಮಗಳು ಲೆಕ್ಕ ಬರುತ್ತಿಲ್ಲ ಎಂದು ಪುಸ್ತಕ ಮುಚ್ಚಿಟ್ಟು ಅಳುತ್ತಿತ್ತು. ತಂಗಿ ಅದರ ತಲೆ ಸವರಿ, "ಅಳಬ್ಯಾಡ ಬಿಡೇ. ನಿಂಗೂ ನನ್ ತಲೇನೇ ಬಂದೈತೆ, ಏನ್ ಮಾಡಾಣ," ಎಂದಳು. ಮಗು ಅಳು ನಿಲ್ಲಿಸಿ, ಹೌದೆಂಬಂತೆ ತಲೆಯಾಡಿಸಿತು.

ಊರಿಗೆ ಬಂದು ಇಲ್ಲಿಯವರೆಗಿನ ಇಷ್ಟನ್ನು ಬರೆದೆ. ಕಳೆದ ವಾರ ತೆಗೆದುಕೊಂಡು ಹೋಗಿ ಅವಳ ಕೈಗೆ ಕೊಟ್ಟೆ. ಮಧ್ಯಾಹ್ನ, ಗಿರಾಕಿಗಳಿರಲಿಲ್ಲ. ಮೆಷಿನ್ನಿಗೆ ಒರಗಿ ನಿಂತೇ ಕೊನೆಯವರೆಗೆ ಓದಿದಳು.

"ಇನ್ನೂ ಮೂರ್ ದಿನ ಇತ್ತಾ?"

"ಇತ್ತು."

"ನಾನು ಬಯ್ತೀನಿ ಅಂತ ಹೇಳ್ಲಿಲ್ವಾ?"

"ಬಯ್ತೀಯಾ ಅಂತಲ್ಲ. ನಗ್ತೀಯಾ ಅಂತ."

ಅಷ್ಟರಲ್ಲಿ ಯಾರೋ ಪಹಣಿಯ ಜೆರಾಕ್ಸಿಗೆ ಬಂದರು. ಎರಡು ಪ್ರತಿ ತೆಗೆದುಕೊಟ್ಟು, ಚಿಲ್ಲರೆ ಕೊಟ್ಟು ಕಳಿಸಿದಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು.

"ನಕ್ಕೇ ಇರ್ತಿದ್ದೆ ಕಣೋ. ನಕ್ಕು, ನಿನ್ನೂ ಕರ್ಕೊಂಡ್ ಹೋಗಿ ಬದ್ಲಾಯಿಸ್ಕೊಂಡ್ ಬತ್ತಿದ್ದೆ."

ಹಾಳೆಗಳನ್ನು ಜೋಡಿಸಿ ನನ್ನ ಮುಂದಿಟ್ಟಳು.

"ಮಗಳು ನಾಕೂವರೆಗೆ ಬತ್ತಾಳೆ. ಅವಳಿಗೆ ನೀನೇ ಹೇಳು. ಅವಳವ್ವಂಗೆ ತಲೆ ಇತ್ತು ಅಂತ ನಿನ್ ಬಾಯಲ್ಲೇ ಕೇಳ್ಲಿ."

ನಾಲ್ಕೂವರೆಯವರೆಗೂ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಮಗು ಬಂದಾಗ ಪಕ್ಕದಲ್ಲಿ ಕೂರಿಸಿಕೊಂಡು ಹಾಳೆಗಳನ್ನು ಕೈಗೆತ್ತಿಕೊಂಡೆ.