ಗೌರಕ್ಕ ಬಾಯಿಬಿಡದ ಮಧ್ಯಾಹ್ನ

ಕಳ್ಳಂಬೆಳ್ಳದ ಕೆರೆಯಾಚೆಯ ಹಳ್ಳಿಗಳಲ್ಲಿ ಹಸುವಿಗೆ ದಿನ ತುಂಬಿದರೆ ಮೊದಲು ಕರೆಯುತ್ತಿದ್ದುದು ಗೌರಕ್ಕನನ್ನು. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳು, ಓದಿದ್ದು ಎರಡನೇ ಕ್ಲಾಸು. ಹಸುವಿನ ಬಾಲದ ಬುಡದ ಎರಡೂ ಕಡೆಯ ಹುರಿಯಂಥ ಕಟ್ಟಿನ ಮೇಲೆ ಬೆರಳಿಟ್ಟು ಒತ್ತಿ, "ಕಟ್ಟು ಇನ್ನೂ ಬಿಗಿ ಐತೆ, ಮೂರು ದಿನ ತಡೀರಿ" ಎಂದರೆ ಮೂರೇ ದಿನ. "ಸಡಿಲಾಗೈತೆ, ಇವತ್ತೇಯ" ಎಂದರೆ ಮನೆಯವರು ಹೊಲಕ್ಕೆ ಹೋಗದೆ ಕೊಟ್ಟಿಗೆಯಲ್ಲೇ ಕೂರುತ್ತಿದ್ದರು. ಮೂವತ್ತು ವರ್ಷ ಹೀಗೇ ನಡೆದಿತ್ತು. ಅದಕ್ಕೆ ಅವಳಿಗೆ ಸಿಗುತ್ತಿದ್ದುದು ಒಂದು ಚೊಂಬು ಗಿಣ್ಣುಹಾಲು, ಜಗಲಿಯ ಮೇಲೆ ಕೂರಿಸಿ ಮಾತಾಡಿಸುವ ಮರ್ಯಾದೆ.

ಹೋದ ವರ್ಷ ಗೌರಕ್ಕನದೇ ಊರಿನ ಸೊಸೆ ರಾಧಾಮಣಿ, ಮನೆಮನೆಗೆ ಹೋಗಿ ದನಗಳ ಆರೋಗ್ಯ ನೋಡುವ ಪಶುಸಖಿಯ ತರಬೇತಿ ಮುಗಿಸಿ ಬಂದಳು. ನೀಲಿ ಬ್ಯಾಗು, ಅದರಲ್ಲೊಂದು ಥರ್ಮಾಮೀಟರು. ಡೇರಿಯ ಮುಂದೆ ಹೆಂಗಸರನ್ನೆಲ್ಲ ಕೂರಿಸಿ ಹೇಳಿದಳು:

"ಗಬ್ಬ ಹಿಡ್ಕೊಂಡಿರೋದು ಒಂದು ಹಾರ್ಮೋನು. ಕರು ಹಾಕೋ ಹಿಂದಿನ ದಿನ ಅದು ಇಳಿದ್ಬುಡ್ತದೆ, ಅದರ ಜತೆ ಮೈ ಬಿಸೀನೂ ಇಳೀತದೆ. ಇನ್ನೊಂದು ಹಾರ್ಮೋನು ಬಾಲದ ಬುಡದ ಕಟ್ಟು ಸಡಿಲ ಮಾಡ್ತದೆ, ಕರು ಬರಕ್ಕೆ ದಾರಿ ಆಗ್ಲಿ ಅಂತ."

ಹಿಂದೆ ಕೂತಿದ್ದ ಗೌರಕ್ಕನಿಗೆ ಮೈ ಉರಿಯಿತು. ತನ್ನ ಬೆರಳಿಗೆ ಎಂದೋ ಗೊತ್ತಿದ್ದುದಕ್ಕೆ ಇವಳು ಹೆಸರಿಟ್ಟು ಹೇಳುತ್ತಿದ್ದಾಳೆ. ಎಲ್ಲರೂ ಈಗ ತಾನೇ ಕೇಳಿದವರಂತೆ ತಲೆಯಾಡಿಸುತ್ತಿದ್ದಾರೆ.

"ನಾಕು ದಿನ ಓದ್ಬುಟ್ಟು ಬಂದೌಳೆ. ಒಂದು ಕರು ಎಳೆದಿಲ್ಲ" ಎಂದು ಮನೆಯಲ್ಲಿ ಗಂಡ ಬೋರಣ್ಣನ ಮುಂದೆ ಸಿಡುಕಿದಳು.

"ನೀನು ಹೇಳ್ತಿದ್ದುದ್ನೇ ಅವಳೂ ಹೇಳೌಳಲ್ಲ, ಖುಷಿ ಪಡು" ಎಂದ ಬೋರಣ್ಣ. ಅವತ್ತು ಅವನ ತಟ್ಟೆಗೆ ತಣ್ಣನೆ ಮುದ್ದೆ ಬಿತ್ತು.

ಕರೆಗಳು ಕಡಿಮೆಯಾದವು. ಗಿಣ್ಣುಹಾಲಿನ ಚೊಂಬು ತನ್ನ ಬಾಗಿಲು ದಾಟಿ ರಾಧಾಮಣಿಯ ಮನೆಗೆ ಹೋಗುವುದನ್ನು ಗೌರಕ್ಕ ನೋಡುತ್ತಾ ಕೂತಳು.

ಏಪ್ರಿಲ್‌ನಲ್ಲಿ ಅದೇ ಊರಿನ ಓಬಳಮ್ಮನ ಹಸುವಿಗೆ ದಿನ ತುಂಬಿತ್ತು. ಚೊಚ್ಚಲು. ಒಂದು ಮಧ್ಯಾಹ್ನ ಗೌರಕ್ಕ ಆ ದಾರಿಯಲ್ಲಿ ಬಂದಾಗ ರಾಧಾಮಣಿ ಥರ್ಮಾಮೀಟರು ನೋಡಿ, "ಬಿಸಿ ಇಳಿದಿಲ್ಲ. ನಾಳಿದ್ದು ಆಗ್ಬೋದು" ಎನ್ನುತ್ತಿದ್ದಳು.

"ಸರಿ ಮೇಡಂ" ಎಂದಳು ಓಬಳಮ್ಮ.

ಆ 'ಮೇಡಂ' ಗೌರಕ್ಕನಿಗೆ ಮುಳ್ಳಿನಂತೆ ನಾಟಿತು. ರಾಧಾಮಣಿ ಹೋದ ಮೇಲೆ ಬೆನ್ನು ಸವರುವವಳಂತೆ ಹಸುವಿನ ಬಾಲದ ಬುಡ ಮುಟ್ಟಿದಳು. ಬೆರಳು ಮೆತ್ತಗೆ ಒಳಗಿಳಿಯಿತು. ಕೆಚ್ಚಲು ತುಂಬಿ ಮಿರುಗುತ್ತಿತ್ತು. ಸಂಜೆಯೊಳಗೆ ಕರು ಖಂಡಿತ.

"ಹೆಂಗೈತಕ್ಕ?" ಎಂದು ಓಬಳಮ್ಮ ಕೇಳಿದಳು.

"ನಿಮ್ ಮೇಡಂ ಹೇಳೌಳಲ್ಲ" ಎಂದು ಗೌರಕ್ಕ ಹೊರಟುಬಿಟ್ಟಳು. ಸಂಜೆ ಆ ಹುಡುಗಿಯ ಮುಖ ನೋಡಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು.

ನಾಳಿದ್ದು ಎಂಬ ಮಾತು ನಂಬಿ ಓಬಳಮ್ಮ ಹಸುವನ್ನು ಬಿಸಿಲಿನಿಂದ ಬಿಚ್ಚಿ ಹೊಂಗೆ ಮರದಡಿ ಕಟ್ಟಿ, ಹುಣಸೆ ಕುಟ್ಟುವ ಕೂಲಿಗೆ ಹೋದಳು. ಐದು ಗಂಟೆಗೆ ಬಂದರೆ ಕರು ನೆಲದ ಮೇಲಿತ್ತು. ಮೂಗಿಗೆ ಪೊರೆ ಅಂಟಿಕೊಂಡು ಉಸಿರುಕಟ್ಟಿ ಸತ್ತಿತ್ತು. ಯಾರಾದರೂ ಹತ್ತಿರವಿದ್ದು ಒರೆಸಿದ್ದರೆ ಸಾಕಿತ್ತು. ಹಸು ಇನ್ನೂ ಅದನ್ನು ನೆಕ್ಕುತ್ತಿತ್ತು.

ಊರು ರಾಧಾಮಣಿಯನ್ನು ಬೈಯಿತು. "ನೀನಾಗಿದ್ರೆ ಹಿಂಗಾಗ್ತಿರ್ಲಿಲ್ಲ ಕಣಮ್ಮ" ಎಂದು ಇಬ್ಬರು ಹೆಂಗಸರು ಜಗಲಿಗೇ ಬಂದು ಹೇಳಿ ಹೋದರು. ವರ್ಷದಿಂದ ಗೌರಕ್ಕ ಕಾದಿದ್ದ ಮಾತು ಅದು. ಕೇಳಿದ ಮೇಲೆ ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಎದ್ದು ಓಬಳಮ್ಮನ ಮನೆಗೆ ಹೋದಳು. ಕ್ಷಮೆ ಕೇಳಲು ಬಂದಿದ್ದ ರಾಧಾಮಣಿ ಅಲ್ಲೇ ಇದ್ದಳು. ಗೌರಕ್ಕ ನಿಂತೇ ಹೇಳಿದಳು: "ನಿನ್ನೇನೇ ಆಯ್ತದೆ ಅಂತ ನಂಗೆ ಗೊತ್ತಿತ್ತು. ಮುಟ್ಟಿ ನೋಡಿದ್ದೆ. ಹೊಟ್ಟೆಕಿಚ್ಚಿಗೆ ಹೇಳ್ನಿಲ್ಲ."

ಓಬಳಮ್ಮ ಬೀದಿಯ ಕಡೆ ಕೈ ತೋರಿಸಿ, "ನನ್ ಬಾಗ್ಲಿಂದ ಎದ್ದೋಗು" ಎಂದಳು.

ರಾಧಾಮಣಿ ಬೀದಿಯವರೆಗೂ ಹಿಂದೆ ಬಂದಳು. "ಬಿಸ್ಲಾಗೆ ಕಟ್ಟಿದ್ ಹಸೂಗೆ ಥರ್ಮಾಮೀಟರ್ ಇಟ್ಟೆ ಕಣಕ್ಕ, ಬಿಸ್ಲಿಗೆ ಮೈ ಕಾದು ಬಿಸಿ ಇಳಿದಿದ್ದು ಗೊತ್ತಾಗ್ನಿಲ್ಲ, ತಪ್ಪು ನಂದೂ ಐತೆ. ದಿನಾ ಒಂದೇ ಹೊತ್ನಲ್ಲಿ ನೋಡ್ಬೇಕಿತ್ತು. ಕಟ್ಟು ನೋಡೋದು ನಂಗೆ ಕೈಗೆ ಹತ್ತಿಲ್ಲ. ತೋರಿಸ್ಕೊಡಕ್ಕ."

ಅದೊಂದನ್ನೂ ಕೊಟ್ಟರೆ ತನಗೇನು ಉಳಿಯಿತು ಎಂದು ಗೌರಕ್ಕನ ಒಳಗೆ ಮತ್ತೆ ಕಿಚ್ಚೆದ್ದಿತು. ಆದರೂ ಹುಡುಗಿಯನ್ನು ತನ್ನ ಕೊಟ್ಟಿಗೆಗೆ ಕರೆದೊಯ್ದು, ಅವಳ ಬೆರಳನ್ನು ಹಸುವಿನ ಬಾಲದ ಬುಡಕ್ಕಿಟ್ಟು ಒತ್ತಿದಳು.

ಈಗ ಇಬ್ಬರೂ ಜೊತೆಗೇ ಹೋಗುತ್ತಾರೆ. ಓಬಳಮ್ಮನ ಹಸು ಮತ್ತೆ ಗಬ್ಬವಾಗಿದೆ; ಅಲ್ಲಿಗೆ ಮಾತ್ರ ರಾಧಾಮಣಿ ಒಬ್ಬಳೇ ಹೋಗಿ ಬರುತ್ತಾಳೆ.