ಆಂಟಿಯ ಐರಿಶ್ ಪಂಕ್ತಿ

ಆಂಟಿಯ ಎಡ ಮುಂಗೈ ಮೇಲೆ ತ್ರಿಕೋನದ ಒಂದು ಸುಟ್ಟ ಗುರುತಿತ್ತು, ಇಸ್ತ್ರಿಪೆಟ್ಟಿಗೆಯ ಮೂತಿಯದೇ ಅಚ್ಚು. ಊಟದ ಮೇಜಿಗೆ ಹಾಸುವ ಬಿಳಿ ಲಿನನ್ ಬಟ್ಟೆಯನ್ನು ಮೇಜಿನ ಮೇಲೆಯೇ ಹರಡಿ ಇಸ್ತ್ರಿ ಮಾಡುತ್ತಿದ್ದರು. ಮಡಿಕೆಯ ಒಂದು ಗೆರೆ ಉಳಿದರೂ ಅವರಿಗೆ ಸಮಾಧಾನವಿಲ್ಲ. ಐರಿಶರ ಹಬ್ಬವಾದ ಸೇಂಟ್ ಪ್ಯಾಟ್ರಿಕ್ಸ್ ಡೇ ದಿನ ಅಮೆರಿಕದ ನಮ್ಮೂರು ಸಮರ್‌ಸೆಟ್‌ನಲ್ಲಿ ಮಿಕ್ಕವರೆಲ್ಲ ಹಸಿರು ಪ್ಲಾಸ್ಟಿಕ್ ಟೊಪ್ಪಿ ಹಾಕಿಕೊಂಡು ಹಸಿರು ಬಿಯರ್ ಕುಡಿಯುತ್ತಿದ್ದರೆ, ನಮ್ಮ ಪಕ್ಕದ ಆಂಟಿಯ ಮನೆಯೊಳಗೆ ಹಸಿರೆಂದರೆ ಡ್ಯಾಫೋಡಿಲ್ ಹೂವಿನ ದಂಟು ಮಾತ್ರ.

ಮೈಸೂರಿನಿಂದ ಇಲ್ಲಿಗೆ ಓದಲು ಬಂದು, ಐರಿಶ್ ಮನೆತನದ ಹುಡುಗನನ್ನು ಮದುವೆಯಾದವರು ಅವರು. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡ ಮೇಲೂ ಮಾರ್ಚ್ ತಿಂಗಳ ಈ ಹಬ್ಬದೂಟವನ್ನು ನಿಲ್ಲಿಸಲಿಲ್ಲ. ಶುದ್ಧ ಸಸ್ಯಾಹಾರಿ, ಆದರೂ ಕುರಿಮಾಂಸದ ಸ್ಟ್ಯೂ ತಾವೇ ಮಾಡುತ್ತಿದ್ದರು. ರುಚಿ ನೋಡುವ ಕೆಲಸ ನನ್ನದು.

“ಉಪ್ಪು?”

“ಸ್ವಲ್ಪ ಕಮ್ಮಿ.”

“ನಾಲಿಗೆ ಚುರುಕಾಗಿದೆ ಕಣೇ ನಿಂದು. ನಿಮ್ಮಮ್ಮಂಗೆ ಹೇಳ್ಬೇಡ, ಆಮೇಲೆ ನನ್ನೂ ಮನೆಗೆ ಸೇರ್ಸಲ್ಲ.”

ಬಫೆ ಎಂದರೆ ಅವರಿಗಾಗದು. ಬಂದವರನ್ನು ಕೂರಿಸಿ, ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವಂತೆ ಸೌಟು ಹಿಡಿದು ಸುತ್ತುತ್ತಿದ್ದರು. ಗಂಡನ ಕಡೆಯ ಕೆಂಪುಮುಖದ ಮುದುಕರು ಸಾಕು ಸಾಕೆಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಆಲೂಗಡ್ಡೆ ಇಳಿಯುತ್ತಿತ್ತು. ಎಲ್ಲರೂ ಎದ್ದ ಮೇಲೆಯೇ ಅವರ ಬಾಯಿಗೆ ಒಂದು ತುಂಡು ಸೋಡಾ ಬ್ರೆಡ್.

ಈ ಸಡಗರವೆಲ್ಲ ಒಬ್ಬರಿಗಾಗಿ ಎಂದು ನನಗೆ ತಿಳಿದದ್ದು ತಡವಾಗಿ. ಆಂಟಿಯ ಗಂಡ ಮಲಗಿರುವುದು ಅವರ ಮನೆತನದ ಸಮಾಧಿ ಜಾಗದಲ್ಲಿ, ಅಪ್ಪ ಅಮ್ಮನ ಪಕ್ಕ. ಅಲ್ಲಿ ಇನ್ನೊಬ್ಬರಿಗೆ ಮಾತ್ರ ಸ್ಥಳ ಉಳಿದಿದೆ. ಅದರ ಹಕ್ಕು ಆಂಟಿಯ ನಾದಿನಿಯದು. ಮದುವೆಯಾಗದೆ, ಅಪ್ಪ ಅಮ್ಮನನ್ನು ಕೊನೆಯವರೆಗೆ ನೋಡಿಕೊಂಡ ಆಕೆ ಅದನ್ನು ತಮಗೆಂದು ಇಟ್ಟುಕೊಂಡಿದ್ದರು. ಅನ್ಯಾಯ ಅನ್ನಲು ನನಗೂ ಬಾಯಿ ಬರಲಿಲ್ಲ. ಪ್ರತಿ ವರ್ಷ ಬರುತ್ತಿದ್ದರು, ಉಣ್ಣುತ್ತಿದ್ದರು. ಕಾಫಿಯ ಹೊತ್ತಿಗೆ ಆಂಟಿ ಆ ಜಾಗವನ್ನು ತಮಗೆ ಕೊಡುವಿರಾ ಎಂದು ಕೇಳುತ್ತಿದ್ದರು. “ನೋಡೋಣ” ಎಂದು ಆಕೆ ಕೋಟು ಹಾಕಿಕೊಳ್ಳುತ್ತಿದ್ದರು.

ಆಂಟಿಯ ಕ್ಯಾನ್ಸರ್‌ಗೆ ಕೀಮೋ ಇನ್ನು ಬೇಡವೆಂದು ಡಾಕ್ಟರು ಹೇಳಿದ ಚಳಿಗಾಲದಲ್ಲಿ ನಾನು ಅವರ ಹತ್ತಿರ ವಾದಕ್ಕಿಳಿದೆ. “ಸತ್ಮೇಲೆ ಎಲ್ಲಿದ್ರೇನು ಆಂಟಿ? ಮಣ್ಣಿಗೇನು ಗೊತ್ತಾಗುತ್ತಾ, ಪಕ್ಕದಲ್ಲಿ ಯಾರಿದಾರೆ ಅಂತ?”

“ಅಲ್ವಾ? ಹಾಗಿದ್ಮೇಲೆ ನನ್ನ ಬಿಟ್ಕೊಂಡ್ರೆ ಅವರಿಗೇನಮ್ಮ ನಷ್ಟ? ಅದನ್ನೇ ನನ್ನ ನಾದಿನಿಗೆ ಹೇಳು. ಅಷ್ಟೊಂದು ಕಪ್ ಗೆದ್ದಿದೀಯ, ಒಂದ್ಸಲ ನನ್ನ ಕಡೆಗೂ ಡಿಬೇಟ್ ಮಾಡು.”

ಕಾಲೇಜಿನ ಡಿಬೇಟ್ ತಂಡದಲ್ಲಿ ಯಾರೂ ನನ್ನನ್ನು ಇಷ್ಟು ಕಡಿಮೆ ಮಾತಿನಲ್ಲಿ ಕೂರಿಸಿರಲಿಲ್ಲ.

ಸ್ಮಶಾನದ ಕಚೇರಿಗೆ ಫೋನ್ ಮಾಡಿ ವಿಚಾರಿಸಿದೆ. ದಹನವಾದ ಮೇಲೆ ಬೂದಿಯನ್ನು ಗಂಡನ ಸಮಾಧಿಯಲ್ಲೇ, ಶವಪೆಟ್ಟಿಗೆಯ ಮೇಲಿನ ಮಣ್ಣಿನಲ್ಲಿ ಇಡಬಹುದಂತೆ. ನಾದಿನಿಯ ಜಾಗ ನಾದಿನಿಗೇ ಉಳಿಯುತ್ತದೆ. ಸುಡಲೇಬೇಕೆಂದು ಹಟ ಹಿಡಿದಿದ್ದ ಆಂಟಿಯ ತಮ್ಮ ಫೋರ್ಟ್ ಲೀ ಊರಿನಲ್ಲಿದ್ದರು, ಅವರಿಗೂ ತಕರಾರಿಲ್ಲ. ಸಮಾಧಿ ಜಾಗವೆಲ್ಲ ನಾದಿನಿಯ ಹೆಸರಿನಲ್ಲಿದ್ದುದರಿಂದ ಬೇಕಿದ್ದದ್ದು ಆಕೆಯ ಒಪ್ಪಿಗೆ ಒಂದೇ.

ಆ ಮಾರ್ಚ್‌ನಲ್ಲಿ ಆಂಟಿ ಒಂದು ಕೈಯಲ್ಲಿ ಕುರ್ಚಿಯ ಬೆನ್ನು ಹಿಡಿದು, ಇನ್ನೊಂದರಲ್ಲಿ ಬಡಿಸಿದರು. ನಾನು ಸೌಟು ಕೇಳಿದರೆ ಕೊಡಲಿಲ್ಲ. ಮಿಕ್ಕವರು ಹೊರಟ ಮೇಲೆ ನಾನು ನನ್ನ ವಾದವನ್ನೆಲ್ಲ ನಾದಿನಿಯ ಮುಂದಿಟ್ಟೆ. ಆಕೆ ನ್ಯಾಪ್ಕಿನ್ ಮಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಇಂಗ್ಲಿಷಿನಲ್ಲಿ, ಮೆಲ್ಲಗೆ ಹೇಳಿದರು: “ನೀನು ಹೇಳಿದ್ದರಲ್ಲಿ ತಪ್ಪು ಕಾಣಲ್ಲ. ಆದರೆ ಅಮ್ಮನೂ ಅಲ್ಲೇ ಇದ್ದಾಳೆ. ಇವಳು ಒಳಗೆ ಬಂದರೆ ಅಮ್ಮ ಎದ್ದು ಹೊರಗೆ ಹೋಗುತ್ತಿದ್ದಳು. ಈಗ ಎದ್ದು ಹೋಗಲಾಗದ ಕಡೆ ಮಲಗಿರುವಾಗ ನಾನು ಹೇಗೆ ಒಪ್ಪಲಿ?”

ಆಂಟಿಯ ಕಡೆ ತಿರುಗಿ, “ಬ್ರೆಡ್ ಬಹಳ ಚೆನ್ನಾಗಿತ್ತು” ಅಂದರು.

ಅಡುಗೆಮನೆಯಲ್ಲಿ ನಾನು ಸಿಡಿದೆ. “ನನ್ನ ಒಂದೇ ಒಂದು ಪಾಯಿಂಟಿಗೂ ಅವರತ್ರ ಉತ್ತರ ಇರ್ಲಿಲ್ಲ!”

“ಉತ್ತರ ಯಾಕೆ ಬೇಕೇ ಅವಳಿಗೆ? ಜಾಗ ಇದೆಯಲ್ಲ.” ಲೋಟ ಒರೆಸಿ ಇಟ್ಟರು. “ಮುಂದಿನ್ವರ್ಷನೂ ಅವಳನ್ನ ಊಟಕ್ಕೆ ಕರಿ.”

“ಮುಂದಿನ್ವರ್ಷ ನೀವು...”

“ನಾನಿರಲ್ಲ. ನೀನಿರ್ತೀಯಲ್ಲ.”

ಮೇ ತಿಂಗಳಲ್ಲಿ ಹೋದರು. ದಹನವಾಯಿತು. ಬೂದಿಯ ಡಬ್ಬಿ ಆಂಟಿಯ ತಮ್ಮನ ಫೋರ್ಟ್ ಲೀಯ ಅಪಾರ್ಟ್‌ಮೆಂಟಿನ ಕ್ಲಾಸೆಟ್‌ನಲ್ಲಿ, ಸೂಟ್‌ಕೇಸುಗಳ ಮೇಲೆ ಕೂತಿತು. “ಇಂಡಿಯಾಗೆ ಹೋದಾಗ ಕಾವೇರಿಲಿ ಬಿಟ್ಬರ್ತೀನಮ್ಮ. ಎಷ್ಟು ದಿನ ಅಂತ ಮನೇಲಿ ಇಟ್ಕೊಳ್ಳೋದು?” ಎಂದರು ಅವರು. ಮಾರ್ಚ್‌ವರೆಗೆ ತಡೆಯಿರಿ ಎಂದು ಬೇಡಿಕೊಂಡೆ. ಏಪ್ರಿಲ್‌ಗೆ ಟಿಕೆಟ್ ತೆಗೆದರು.

ಈ ಮಾರ್ಚ್‌ನಲ್ಲಿ ಊಟ ನಮ್ಮ ಮನೆಯಲ್ಲಿ. ಮೊಟ್ಟೆಯನ್ನೂ ಒಳಗೆ ಬಿಡದ ಅಮ್ಮ ನನ್ನ ಮುಖವನ್ನೊಮ್ಮೆ ನೋಡಿ, “ಆ ಸ್ಟ್ಯೂ ಪಾತ್ರೆ ಆಮೇಲೆ ಗ್ಯಾರೇಜಿಗೆ ಹೋಗ್ಬೇಕು, ಅಷ್ಟೆ” ಎಂದು ಕಿಟಕಿಗಳನ್ನೆಲ್ಲ ತೆರೆದಳು. ಮೇಜಿನ ಬಟ್ಟೆಗೆ ಇಸ್ತ್ರಿ ಮಾಡಿದೆ. ಎಲ್ಲರನ್ನೂ ಕೂರಿಸಿ ನಾನೇ ಬಡಿಸಿದೆ. ನಾದಿನಿ ಎರಡನೆಯ ಸಲವೂ ಹಾಕಿಸಿಕೊಂಡರು. ಕಾಫಿಯ ಹೊತ್ತಿಗೆ ಬೂದಿಯ ವಿಷಯ ಕೇಳಿದೆ. ಈ ಸಲ ವಾದ ಮಾಡಲಿಲ್ಲ, ಆಂಟಿ ಕೇಳುತ್ತಿದ್ದ ಹಾಗೆ ಬರೀ ಕೇಳಿದೆ. ಆಕೆ ಕಪ್ಪನ್ನು ಸಾಸರಿಗೆ ಇಳಿಸಿದರು. ಆಗುವುದಿಲ್ಲ ಎಂದರು.

ಬಾಗಿಲ ತನಕ ಹೋದೆ. ಕೋಟಿನ ಗುಂಡಿ ಹಾಕಿಕೊಳ್ಳುತ್ತ ಆಕೆ, “ಮುಂದಿನ ವರ್ಷವೂ ಕರೆಯುತ್ತೀಯಾ?” ಎಂದು ಕೇಳಿದರು. ಅವರ ಕಡೆಯಲ್ಲಿ ಇನ್ನು ಕರೆಯುವವರು ಯಾರೂ ಉಳಿದಿಲ್ಲವಂತೆ.

ಕರೆಯುತ್ತೇನೆ ಎಂದೆ. ಅಷ್ಟರಲ್ಲಿ ಬೂದಿ ಕಾವೇರಿ ಸೇರಿರುತ್ತದೆ, ಆಕೆಯನ್ನು ಕೇಳಲು ನನ್ನ ಬಳಿ ಏನೂ ಉಳಿದಿರುವುದಿಲ್ಲ.